ಎಂಟನೇ ಟಿಪ್ಪಣಿಯ ಸಪ್ಪಲಮ್ಮ

ಶಾಂತಲಾ ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ. ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿ ಸುಮ್ಮನೆ ಕೂರುತ್ತಾರೆ. ಹನುಮಂತನಗರದ ಚಿದಾನಂದ್ ಅವರ ಡಿಟಿಪಿ ಅಂಗಡಿಯಲ್ಲಿ ಇಪ್ಪತ್ತಾರು ವರ್ಷದಿಂದ ಪುಸ್ತಕಗಳ ಪುಟ ಕಟ್ಟುತ್ತಿರುವ ಅವರು, ಕೊನೇ ಪ್ರೂಫಿನಲ್ಲಿ ಮುನ್ನುಡಿ ಬದಲಿಸುವವರನ್ನೂ, ಅರ್ಪಣೆಯಲ್ಲಿ ಹೆಂಡತಿಯ ಹೆಸರು ಬಿಟ್ಟುಹೋಯಿತೆಂದು ಆಟೋ ಹಿಡಿದು ಬರುವವರನ್ನೂ ಕಂಡವರು. ನನ್ನಂಥವನನ್ನು ಮಾತ್ರ ಕಂಡಿರಲಿಲ್ಲವಂತೆ. ಅವರೇ ಹೇಳಿದ್ದು.

ನಾನು ಹಾಸ್ಯ ಬರೆಯುವವನು. ಜನ ನಗುವುದನ್ನು ನಿಲ್ಲಿಸಿದ್ದರಿಂದ ಸಂಶೋಧಕನಾದರೂ ಆಗೋಣವೆಂದು ವಸಂತಪುರದ ಹಳೇ ಊರಿನ ಬಗ್ಗೆ ಪುಸ್ತಕಕ್ಕೆ ಕೈಹಾಕಿದೆ. ಮಾಹಿತಿಗೆ ಪರದಾಡುತ್ತಿದ್ದಾಗ ಶಾಂತಲಾ, ತಮ್ಮ ತಾಯಿ ಅಲ್ಲೇ ಹುಟ್ಟಿ ಬೆಳೆದವರು, ಬಂದು ಕೇಳಿ ಎಂದರು. ತಾಯಿ ಸಪ್ಪಲಮ್ಮನಿಗೆ ಎಂಬತ್ತು ದಾಟಿದೆ, ಓದು ಬರದು. ನಾಲ್ಕು ಭಾನುವಾರ ಅವರ ಜಗಲಿಯಲ್ಲಿ ಕೂತು ಬರೆದುಕೊಂಡೆ. ಹೊರಡುವಾಗ ಆಕೆ ಕೇಳಿದ್ದು ಒಂದೇ.

"ನಾನೇಳಿದ್ದು ಅಂತ ಬರೀತೀಯೇನಪ್ಪಾ? ಮಾತು ನಂದು, ಹೆಸ್ರು ಇನ್ಯಾರ್ದೋ ಆಗ್ಬಾರ್ದು."

ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಆ ಮಾತು ಪುಸ್ತಕದ ಕೊನೆಯ ಟಿಪ್ಪಣಿಗಳಲ್ಲಿ ಏಳನೆಯದಾಗಿ ಕೂತಿತು: ಸಪ್ಪಲಮ್ಮ, ವಸಂತಪುರ, ಲೇಖಕರೊಂದಿಗೆ ಮಾತುಕತೆ. ಪುಸ್ತಕದಲ್ಲಿ ಇಪ್ಪತ್ಮೂರು ಕಡೆ ಆಕೆಯ ಮಾತಿದೆ, ಇಪ್ಪತ್ಮೂರಕ್ಕೂ ಅದೇ ಸಂಖ್ಯೆ ಬೇಕು. ಪುಟ ಕಟ್ಟುವ ಸಾಫ್ಟ್‌ವೇರಿಗೆ ಇದು ಒಗ್ಗದು, ಟಿಪ್ಪಣಿ ಹಾಕಿದಷ್ಟು ಸಲವೂ ಹೊಸ ಸಂಖ್ಯೆ ಕೊಡುತ್ತದೆ. ಅದಕ್ಕೆ ಶಾಂತಲಾ ಮೊದಲನೇ ಕಡೆ ಮಾತ್ರ ನಿಜವಾದ ಟಿಪ್ಪಣಿ ಇಟ್ಟು, ಉಳಿದ ಇಪ್ಪತ್ತೆರಡು ಕಡೆ ಅದಕ್ಕೇ ಲಿಂಕ್ ಕೊಟ್ಟರು. ಮುಂದೆ ಹೊಸ ಟಿಪ್ಪಣಿ ಸೇರಿಸಿದರೆ ಅಪ್‌ಡೇಟ್ ಒತ್ತಲೇಬೇಕು, ಇಲ್ಲದಿದ್ದರೆ ಈ ಇಪ್ಪತ್ತೆರಡೂ ಹಳೇ ಸಂಖ್ಯೆಯಲ್ಲೇ ನಿಂತುಬಿಡುತ್ತವೆ ಎಂದು ನನಗೆ ಎರಡು ಸಲ ಹೇಳಿದರು. ಅರ್ಥವಾದವನಂತೆ ತಲೆಯಾಡಿಸಿದೆ. ಆ ವಿದ್ಯೆಯೊಂದು ನನಗೆ ಚೆನ್ನಾಗಿ ಬರುತ್ತದೆ.

ತಾಯಿಯ ಕಣ್ಣಿನ ಆಪರೇಷನ್‌ಗೆಂದು ಶಾಂತಲಾ ಎರಡು ದಿನ ರಜೆ ಹಾಕಿದರು. ಆಗಲೇ ಪುಸ್ತಕ ಬಿಡುಗಡೆ ಮಾಡಲಿದ್ದ ನಿವೃತ್ತ ಎಂಜಿನಿಯರ್ ಸೇತುರಾಮ ಫೋನ್ ಮಾಡಿ, ವಸಂತಪುರದ ಕೆರೆಯ ಆಳದ ಬಗ್ಗೆ ತಾವೊಂದು ಲೇಖನ ಬರೆದಿದ್ದುಂಟು, ಉಲ್ಲೇಖಿಸಿದ್ದೀರಿ ತಾನೇ ಎಂದರು. ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅಂಗಡಿಗೆ ಓಡಿ, ಸಪ್ಪಲಮ್ಮನಿಗಿಂತ ಒಂದು ಪುಟ ಮುಂಚೆ ಅವರದೊಂದು ಟಿಪ್ಪಣಿ ತುರುಕಿ ಎಂದು ಚಿದಾನಂದ್ ಅವರ ತಲೆ ಮೇಲೆ ಕೂತೆ. ತುರುಕಿದರು. ಸೇತುರಾಮ ಏಳನೆಯವರಾದರು, ಸಪ್ಪಲಮ್ಮ ಎಂಟಕ್ಕೆ ಸರಿದರು. ಪ್ರಿಂಟಿಗೆ ಫೈಲ್ ತೆಗೆಯುವಾಗ ಪರದೆ ಮೇಲೆ ಏನೋ ಎಚ್ಚರಿಕೆ ಬಂತು. ಶಾಂತಲಾನ ಒಂದ್ಮಾತು ಕೇಳೋಣ್ವಾ ಎಂದರು ಚಿದಾನಂದ್. ಓಕೆ ಒತ್ತಿ ಸಾರ್, ಪ್ರೆಸ್ಸಿನವರು ಕಾಯ್ತಿದ್ದಾರೆ ಎಂದವನು ನಾನು.

ಮುನ್ನೂರು ಪ್ರತಿ ಅಚ್ಚಾಗಿ ಬಂದವು. ಮೊದಲ ಕಟ್ಟು ಬಿಚ್ಚಿದವರು ಶಾಂತಲಾ. ನನಗೆ ಫೋನ್ ಬಂತು, ಹೋದೆ. ಈ ಸಲ ಪರದೆಯ ಬದಲು ಪುಸ್ತಕವನ್ನೇ ನನ್ನ ಕಡೆ ತಿರುಗಿಸಿದರು.

"ಓದಿ ಸಾರ್. ಜೋರಾಗಿ."

ಓದಿದೆ. 'ತುಂಬು ಬಸುರಿಯಾಗಿದ್ದಾಗಲೂ ಕೆರೆ ಏರಿಗೆ ಮಣ್ಣು ಹೊತ್ತೆ. ಏರಿ ಕಟ್ಟೋಕೆ ನಮ್ಮ ಕೇರಿಯವರು ಬೇಕಿತ್ತು, ನೀರು ಮುಟ್ಟೋಕೆ ಬೇಡವಾಗಿತ್ತು.' ಪಕ್ಕದಲ್ಲಿ ಪುಟ್ಟದೊಂದು ಏಳು.

"ಹಿಂದ್ಗಡೆ ಏಳು ಯಾರು, ನೋಡಿ."

ನಿವೃತ್ತ ಎಂಜಿನಿಯರ್ ಸೇತುರಾಮ.

"ಎಂಜಿನಿಯರ್ ಸಾಹೇಬ್ರು ಯಾವಾಗ ಬಸುರಿಯಾಗಿದ್ರು ಸಾರ್? ಆ ಹೊಟ್ಟೇಲಿದ್ದಿದ್ದು ನಾನು."

ಇಷ್ಟು ವರ್ಷ ಹಾಸ್ಯ ಬರೆದರೂ ಅಂಥದೊಂದು ಸಾಲು ನನಗೆ ಹೊಳೆದಿಲ್ಲ. ನಗುವ ಧೈರ್ಯವೂ ಇರಲಿಲ್ಲ. ಚಿದಾನಂದ್ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದರು. ಒಂದು ತಿದ್ದುಪಡಿ ಚೀಟಿ ಅಚ್ಚು ಹಾಕಿಸಿ ಒಳಗಿಟ್ಟರಾಯಿತು ಎಂದು ಗೊಣಗಿದೆ.

"ಅಂಥ ಚೀಟಿ ನಾನೇ ಎಷ್ಟೋ ಮಾಡಿದೀನಿ. ಯಾರೂ ಓದಲ್ಲ, ಉದುರೋಗತ್ತೆ. ಕಣ್ಣಿನ ಪಟ್ಟಿ ಬಿಚ್ಚಿದಾಗ್ಲಿಂದ ಅಮ್ಮ ಒಂದೇ ಸಮ ಕೇಳ್ತಿದಾರೆ, ನನ್ ಹೆಸ್ರು ತೋರ್ಸು ಅಂತ. ಮಣ್ಣು ಹೊರೋಕೆ ಅವ್ರ ತಲೆ, ಪುಸ್ತಕಕ್ಕೆ ಎಂಜಿನಿಯರ್ ಹೆಸ್ರು ಅಂತ ತೋರಿಸ್ಲಾ?"

ಒಂದು ಕಪ್ಪು ಪೆನ್ನನ್ನು ನನ್ನ ಮುಂದೆ ಇಟ್ಟರು. ಪ್ರತಿಯೊಂದರಲ್ಲೂ ಇಪ್ಪತ್ತೆರಡು ಏಳನ್ನು ಹೊಡೆದು ಎಂಟು ಮಾಡಬೇಕು. ಆರು ಸಾವಿರದ ಆರುನೂರು ಸಲ. ಮೂರು ದಿನ ಅದೇ ಅಂಗಡಿಯ ಸ್ಟೂಲಿನ ಮೇಲೆ ಕೂತು, ಸೇತುರಾಮರನ್ನೂ ಚಿದಾನಂದರನ್ನೂ ಮನಸಾರೆ ಬೈದೆ. ಅವರಿಬ್ಬರನ್ನೂ ಬೈದು ಮುಗಿದ ಮೇಲೆ ಉಳಿದವನು ಒಬ್ಬನೇ, ಓಕೆ ಒತ್ತಿಸಿದವನು. ತಿದ್ದಿದ ಪ್ರತಿಗಳನ್ನು ಶಾಂತಲಾ ಒಂದೊಂದಾಗಿ ನೋಡಿದರು. ಒಂದು ಏಳು ಉಳಿದಿದ್ದರೂ ನನ್ನ ಕಡೆ ತಳ್ಳಿದರು. ನಲವತ್ತಕ್ಕೂ ಹೆಚ್ಚು ಪ್ರತಿಗಳು ಹಾಗೆ ವಾಪಸು ಬಂದವು.

ಭಾನುವಾರ ಬನಶಂಕರಿಯ ಸಣ್ಣ ಸಭಾಂಗಣದಲ್ಲಿ ಬಿಡುಗಡೆ. ಹಿಂದೆ ಬ್ಯಾನರಿನಲ್ಲಿ ಸೇತುರಾಮರ ಫೋಟೊ ಬಾಗಿಲಗಲ ಇತ್ತು. ಮೊದಲ ಸಾಲಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಸಪ್ಪಲಮ್ಮ. ಶಾಂತಲಾ ಪುಸ್ತಕದ ಕೊನೆಯ ಪುಟಗಳನ್ನು ಬಿಡಿಸಿ, ತಾಯಿಯ ಬೆರಳು ಹಿಡಿದು ಎಂಟನೇ ಟಿಪ್ಪಣಿಯ ಮೇಲಿಟ್ಟರು. ಸಪ್ಪಲಮ್ಮ ಕನ್ನಡಕ ಮೇಲೆತ್ತಿ, ಬೆರಳ ಕೆಳಗಿನ ಸಾಲನ್ನು ನೋಡಿದರು. ಆಮೇಲೆ ಬ್ಯಾನರ್ ನೋಡಿದರು.

"ಇಷ್ಟ್ ಸಣ್ದಾ?"

ಶಾಂತಲಾ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಸುಮ್ಮನೆ ಕೂತರು.