ಅಳತೆಯ ಸರಪಳಿಯ ಮೇಲೆ ಕೂತವರು

ಬೆಳ್ಳಾರೆ ಪೇಟೆಯಿಂದ ಮೇಲೆ, ಗುಡ್ಡದ ಬದಿಯಲ್ಲಿ ನಮ್ಮದು ಹನ್ನೊಂದು ಗುಡಿಸಲು. ಜಾಗ ಸರ್ಕಾರದ್ದು. ಕೆಳಗಿನ ತೋಟದ ಧಣಿಗಳು ಮಾತ್ರ ಅದು ತಮ್ಮ ಕುಮ್ಕಿ, ಸೊಪ್ಪು ಸೌದೆಗೆಂದು ತಮ್ಮ ತೋಟಕ್ಕೆ ಸೇರಿದ್ದು ಎನ್ನುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಗೆ, ನಮ್ಮನ್ನು ಎಬ್ಬಿಸಬೇಕೆಂದು ಅವರು ಅರ್ಜಿ ಕೊಟ್ಟರು. ಆ ವಾರವೇ ನಾವು ಪೇಟೆಗೆ ಇಳಿಯುವ ದಾರಿಗೆ ಮುಳ್ಳುಬೇಲಿ ಬಿತ್ತು. ಕಟ್ಟಿದ ಬೀಡಿ ಕೊಡಲು, ನೀರು ತರಲು ಹೆಂಗಸರೆಲ್ಲ ಗುಡ್ಡ ಸುತ್ತಬೇಕಾಯಿತು.

ಸುದ್ದಿ ತಂದವನು ಗ್ರಾಮದ ಕಚೇರಿಯ ಜವಾನ, ಉಗ್ರಾಣಿ. "ಅಲ್ಲಿ ಮನೆಯೇ ಇಲ್ಲ, ಮೊನ್ನೆ ಹಾಕಿದ ನಾಲ್ಕು ಚಪ್ಪರ ಮಾತ್ರ ಅಂತ ಅರ್ಜಿಯಲ್ಲಿ ಉಂಟು. ನಾಳೆ ಸರ್ವೆಯರ್ ಬರ್ತಾರೆ. ಅವರು ಬರೆದದ್ದೇ ಆಯ್ತು," ಎಂದ.

"ಕಲ್ಲು ಹೊಡೆದು ಓಡಿಸುವಾ," ಎಂದರು ಗಂಡಸರು.

ನನ್ನ ಅಮ್ಮ ಹೆಚ್ಚು ಮಾತಿನವಳಲ್ಲ. ಆ ದಿನ ಹೇಳಿದಳು: "ಓಡಿಸುದು ಎಂತಕ್ಕೆ? ಅಳೆಯಲಿ. ನಮ್ಮ ಮನೆ ಸಮೇತ ಅಳೆಯಲಿ."

ಬೆಳಿಗ್ಗೆ ಸರ್ವೆಯರ್ ಬಂದರು. ಜೊತೆಗೆ ಉಗ್ರಾಣಿ, ಸರಪಳಿ ಹಿಡಿಯುವ ಇಬ್ಬರು, ಧಣಿಗಳ ಲೆಕ್ಕ ಬರೆಯುವ ರೈಟರ್. ಸರಪಳಿ ನಮ್ಮ ಅಂಗಳವನ್ನು ಸೀಳಿಕೊಂಡು ಹೋಯಿತು, ಅಲ್ಲಿ ಮನೆಯೇ ಇಲ್ಲವೆಂಬಂತೆ. ಅಮ್ಮ ಬೀಡಿ ಕಟ್ಟುವ ಮೊರ, ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಸರಪಳಿಯ ಮೇಲೆಯೇ ಕೂತುಬಿಟ್ಟಳು.

"ಏಳಮ್ಮ, ಇದು ಸರ್ಕಾರಿ ಕೆಲಸ," ಎಂದರು ಸರ್ವೆಯರ್.

"ಮಾಡಿ ಮಾರಾಯ್ರೆ, ಬೇಡ ಅಂದವರು ಯಾರು? ನಮ್ಮ ಮನೆ ಬರೆಯಿರಿ. ಬರೆಯುವವರೆಗೆ ನಾನು ಏಳುದಿಲ್ಲ."

ನಾನೂ ತಡ್ಪೆ ಹಿಡಿದು ಅಮ್ಮನ ಪಕ್ಕ ಕೂತೆ. ಪಕ್ಕದ ಮನೆಯ ಬ್ಯಾರಿ ಅಜ್ಜಿ ಬಂದಳು. ಆಮೇಲೆ ನೋಡಬೇಕಿತ್ತು! ಒಬ್ಬೊಬ್ಬರಾಗಿ ಹೆಂಗಸರು ಬಂದು ಸರಪಳಿಯ ಉದ್ದಕ್ಕೂ ಸಾಲಾಗಿ ಕೂತು ಎಲೆ ಕತ್ತರಿಸತೊಡಗಿದರು. ಇಷ್ಟು ಕತ್ತರಿಗಳ ಸದ್ದು ಒಟ್ಟಿಗೆ ನಾನು ಕೇಳಿದ್ದು ಅದೇ ಮೊದಲು. ಯಾರಿಗೋ ನಗು ಬಂತು, ಅದು ಎಲ್ಲರಿಗೂ ಹರಡಿತು.

"ಇದೆಲ್ಲ ಮೊನ್ನೆ ಕಟ್ಟಿದ್ದು ಸಾರ್," ಎಂದ ರೈಟರ್.

ಅಜ್ಜಿ ಧಡಕ್ಕನೆ ಎದ್ದು, ಸರ್ವೆಯರನ್ನು ತನ್ನ ಅಂಗಳದ ತೆಂಗಿನ ಬುಡಕ್ಕೆ ಕರೆದುಕೊಂಡು ಹೋದಳು. "ಇದನ್ನು ನೆಟ್ಟದ್ದು ನಾನು. ಮೇಲೆ ನೋಡಿ, ಎಷ್ಟು ಕಾಯಿ ಉಂಟು! ಇದೂ ಮೊನ್ನೆಯದ್ದಾ?"

ಸರ್ವೆಯರ್ ತಲೆಯೆತ್ತಿ ಗೊನೆ ನೋಡಿದರು. ಆಮೇಲೆ ರೈಟರನ ಮುಖ ನೋಡಿದರು. ಹಲಗೆಯ ಮೇಲೆ ಕಾಗದ ಇಟ್ಟು ಮಹಜರು ಬರೆಯತೊಡಗಿದರು. ನಾವು ಸರಪಳಿ ಬಿಟ್ಟು ಎದ್ದೆವು.

ಏಳನೇ ಕ್ಲಾಸು ಓದಿದವಳು ಅಲ್ಲಿ ನಾನೊಬ್ಬಳೇ. ಹೆಬ್ಬೆಟ್ಟು ಒತ್ತುವ ಮೊದಲು ಓದುತ್ತೇನೆ ಎಂದೆ. ಅವರು ಹುಬ್ಬೇರಿಸಿ ಕಾಗದ ಕೊಟ್ಟರು. ಒಂಬತ್ತು ಮನೆ ಎಂದಿತ್ತು.

"ಸಾರ್, ಹನ್ನೊಂದು. ಬಂಡೆಯ ಹಿಂದೆ ಎರಡು ಉಂಟು."

ಅವರು ಬಂಡೆಯ ಹಿಂದೆ ಹೋಗಿ ನೋಡಿ ಬಂದು ತಿದ್ದಿದರು. ನಾನು ಗಟ್ಟಿಯಾಗಿ ಒಬ್ಬೊಬ್ಬರ ಹೆಸರು ಓದಿದೆ. ಪ್ರತಿ ಹೆಸರಿಗೂ ಗಂಡಸರು ಹೋ ಎಂದು ಕೂಗಿದರು. ತನ್ನ ಹೆಸರು ಬಂದಾಗ ಅಮ್ಮ, "ಇನ್ನೊಮ್ಮೆ ಓದು," ಎಂದಳು. ಓದಿದೆ. "ಇನ್ನೊಮ್ಮೆ," ಎಂದಳು.

ಹಕ್ಕುಪತ್ರಕ್ಕೆ ಮತ್ತೂ ಎರಡು ಮಳೆಗಾಲ ಕಾಯಬೇಕಾಯಿತು. ದಾರಿಯ ಬೇಲಿಯನ್ನು ಧಣಿಗಳು ತೆಗೆಯಲೇ ಇಲ್ಲ. ನಾವು ಮೇಲಿನಿಂದ ಬೇರೆ ದಾರಿ ಕಡಿದೆವು. ಪತ್ರ ಬಂದಾಗ ಹತ್ತೇ ಇತ್ತು, ಅಜ್ಜಿಯದ್ದು ಇರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಹತ್ತೂ ಮನೆಯವರು ಅಜ್ಜಿಯನ್ನು ನಡುವೆ ಕೂರಿಸಿಕೊಂಡು ಸುಳ್ಯಕ್ಕೆ ಹೊರಟೆವು. ತಾಲೂಕು ಕಚೇರಿಯ ಜಗಲಿಯಲ್ಲಿ ತಡ್ಪೆ ಹಿಡಿದು ಸಾಲಾಗಿ ಕೂತದ್ದೇ ತಡ, ಗುಮಾಸ್ತರು ಓಡಿ ಬಂದು, "ಎಂತ ಆಗ್ಬೇಕಿತ್ತು ನಿಮಗೆ?" ಎಂದು ಕೇಳಿದರು. ಸಂಜೆಯ ಬಸ್ಸಿನಲ್ಲಿ ಅಜ್ಜಿ ತನ್ನ ಪತ್ರವನ್ನು ಯಾರ ಕೈಗೂ ಕೊಡಲಿಲ್ಲ, ಕಂಡಕ್ಟರನಿಗೆ ಮಾತ್ರ ತೋರಿಸಿದಳು.