ಅಲುಗದ ರೋಮಗಳು

ಬಯಾಲಜಿ ಮೇಡಂ ಅವರ ಬೆರಳ ತುದಿಗಳು ಗುಂಡಗೆ ಉಬ್ಬಿ, ಉಗುರುಗಳು ಕೆಳಕ್ಕೆ ಬಾಗಿದ್ದವು. ಬೋರ್ಡಿನ ಮೇಲೆ ಚಿತ್ರ ಬರೆಯುವಾಗ ಅವರ ಎದೆಯ ಗೊರಗೊರ ಸದ್ದು ಹಿಂದಿನ ಬೆಂಚಿಗೂ ಕೇಳುತ್ತಿತ್ತು.

ಹುಣಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಪಕ್ಕದಲ್ಲೇ ಹೊಗೆಸೊಪ್ಪಿನ ಗೋಡೌನು. ಘಾಟು ಬಾರದಿರಲೆಂದು ಕಿಟಕಿ ವರ್ಷವಿಡೀ ಮುಚ್ಚಿರುತ್ತಿತ್ತು. ಮೇಡಂಗೆ ಹುಟ್ಟಿದಾಗಿನಿಂದ ಕೆಮ್ಮು. ಟಿ.ಬಿ. ಅಲ್ಲವೆಂದು ಪರೀಕ್ಷೆಗಳು ಎಷ್ಟು ಸಲ ಹೇಳಿದರೂ ಹಂಪಾಪುರದ ಅಣ್ಣನ ಮನೆಯಲ್ಲಿ ಅವರ ತಟ್ಟೆ, ಲೋಟ, ಚಾಪೆ ಬೇರೆ. ಹಬ್ಬದ ಊಟವೂ ಜಗಲಿಯಲ್ಲೇ. ಕೊನೆಗೆ ಹೋಗುವುದನ್ನೇ ಬಿಟ್ಟರು.

ನಾನು ಸೆಕೆಂಡ್ ಪಿಯುನಲ್ಲಿದ್ದಾಗ ಮೈಸೂರಿನ ಡಾಕ್ಟರೊಬ್ಬರು ಅವರ ಎಕ್ಸ್‌ರೇ ನೋಡಿ, ಫಿಲಂ ತಿರುಗುಮುರುಗಾಗಿದೆಯೆಂದು ಇನ್ನೊಮ್ಮೆ ತೆಗೆಸಿದರು. ಫಿಲಂ ಸರಿಯಾಗಿಯೇ ಇತ್ತು, ಹೃದಯವೇ ಬಲಕ್ಕಿತ್ತು. ಕಾಯಿಲೆಯ ಬೇರು ಸಿಕ್ಕಿದ್ದು ಆಗ.

ಮರುವಾರ ಮೇಡಂ ಲ್ಯಾಬಿನಲ್ಲಿ ಕೆರೆ ನೀರಿನ ಹನಿಯೊಂದನ್ನು ಮೈಕ್ರೋಸ್ಕೋಪಿನಡಿ ಇಟ್ಟು ನನ್ನನ್ನು ಕರೆದರು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಯೊಂದು ಮೈಮೇಲಿನ ರೋಮ ಆಡಿಸುತ್ತ ಈಜುತ್ತಿತ್ತು.

"ಆ ರೋಮದೊಳಗೆ ಡೈನೀನ್ ಅಂತ ಪ್ರೋಟೀನು. ಅದು ಎಳೆದ್ರೇನೇ ರೋಮ ಬಾಗೋದು. ನಮ್ಮ ಶ್ವಾಸನಾಳದಲ್ಲೂ ಇಂಥವೇ ಇರ್ತವೆ, ಕಫನ ಮೇಲಕ್ಕೆ ತಳ್ಳೋಕೆ. ನಂದ್ರಲ್ಲಿ ಆ ಪ್ರೋಟೀನೇ ಸರಿಯಿಲ್ಲ ಕಣಮ್ಮ. ಒಂದೂ ಅಲುಗಲ್ಲ. ಭ್ರೂಣದಲ್ಲಿ ಹೃದಯ ಎಡಕ್ಕೆ ಬರೋದೂ ಇಂಥ ರೋಮದಿಂದ್ಲೇ, ಅದಕ್ಕೇ ನಂದು ಬಲಕ್ಕೆ."

"ವಾಸಿ ಆಗುತ್ತಾ ಮೇಡಂ?"

"ಇಲ್ಲ. ನೀರೊಳಗೆ ಕೂತು ಉಸಿರಾಡ್ದಂಗೆ, ಹಿಂಗೇ ಇರಬೇಕು. ಯಾರಾದ್ರೂ ಬೆನ್ನು ತಟ್ಟಿದ್ರೆ ಒಂದಷ್ಟು ಈಚೆಗೆ ಬರ್ತದೆ. ನನ್ನ ಕೈ ನಂಗೆ ಎಟುಕಲ್ಲವಲ್ಲ."

ಮಾರನೆಯ ಬೆಳಿಗ್ಗೆಯಿಂದ ನಾನು ತಟ್ಟತೊಡಗಿದೆ. ಅವರು ಮಂಚದಂಚಿಗೆ ತಲೆ ಇಳಿಬಿಟ್ಟು ಬೋರಲು ಮಲಗುತ್ತಿದ್ದರು. ಮೊದಲ ದಿನ ಅತ್ತರು. ನೋವಾಯಿತೇ ಎಂದರೆ ಇಲ್ಲವೆಂದು ತಲೆಯಾಡಿಸಿದರು, ಅಷ್ಟೇ.

"ನಿಂಗೂ ಅಂಟ್ಕೊಂಡ್ರೆ ಯಾರ್ ನೋಡ್ಕಳಾದು?" ಎಂದು ಅಮ್ಮ ಬಾಗಿಲಲ್ಲೇ ನಿಂತು ಬೈಯುತ್ತಿದ್ದಳು. ಒಳಗೆ ಮಾತ್ರ ಬರುತ್ತಿರಲಿಲ್ಲ. ಮೇಡಂ ಅದನ್ನು ಕೇಳಿಸಿಕೊಂಡೂ ಕೇಳಿಸದವರಂತೆ ಮಲಗಿರುತ್ತಿದ್ದರು. ಏಳು ವರ್ಷ ಹೀಗೇ ನಡೆಯಿತು.

ಹೋದ ಚಳಿಗಾಲದ ನ್ಯುಮೋನಿಯಾದಿಂದ ಅವರು ಏಳಲಿಲ್ಲ. ದೇಹದ ಜೊತೆ ನಾನೂ ಹಂಪಾಪುರಕ್ಕೆ ಹೋದಾಗ ಜನ ಮೂಗಿಗೆ ಟವೆಲ್ ಹಿಡಿದು ದೂರ ನಿಂತಿದ್ದರು. ಮೇಡಂ ಅವರ ಅಣ್ಣ ಮೆಲ್ಲಗೆ ನನ್ನ ಹತ್ತಿರ ಬಂದರು.

"ಮುಟ್ಟುದ್ರೆ ಏನೂ ಆಗಕಿಲ್ವೇನವ್ವಾ?"

"ಏನೂ ಆಗಲ್ಲ ಅಣ್ಣ. ಆವಾಗ್ಲೂ ಆಗ್ತಿರಲಿಲ್ಲ."

ಅವರು ಟವೆಲ್ ಇಳಿಸಿ, ಕೂತು, ತಂಗಿಯ ಹಣೆಯ ಮೇಲೆ ಕೈಯಿಟ್ಟರು. ಹೊತ್ತಾಯಿತೆಂದು ಎಲ್ಲರೂ ಕರೆದರೂ ತೆಗೆಯಲಿಲ್ಲ.