ಪಕ್ಕದ ಸೀಟಿನ ಬ್ರೇಕು

ನಮ್ಮ ಚಿಕ್ಕಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಪಕ್ಕದ ಸೀಟಿನಲ್ಲಿ ಅವಳ ಕಾಲಿಗೂ ಒಂದು ಬ್ರೇಕಿದೆ, ಆದರೆ ಅದನ್ನು ತುಳಿದವಳಲ್ಲ. ಬಾಯಲ್ಲೇ ಕಾರು ನಿಲ್ಲಿಸುತ್ತಿದ್ದಳು. "ಕ್ಲಚ್ ತುಳಿ, ಕನ್ನಡಿ ನೋಡು, ಆ ಸೈಕಲ್ಲಿನವನು ನಿನ್ನ ಸ್ವಂತ ಭಾವನಾ, ಅಪ್ಪಿಕೊಳ್ಳೋಕೆ ಹೋಗ್ತಿದ್ದೀಯಲ್ಲ?" ಚಿಕ್ಕಪ್ಪ ಕಿವಿಗೆ ಹತ್ತಿ ಇಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದರು. ಸುಮ್ಮನೆ ಹೇಳುತ್ತಿಲ್ಲ, ನಾನೇ ನೋಡಿದ್ದೇನೆ.

ಕೋವಿಡ್ ಬಂತು, ಹೋಯಿತು; ಹೋಗುವಾಗ ಅವಳ ಉಸಿರನ್ನೂ ಕಟ್ಟಿಕೊಂಡು ಹೋಯಿತು. ತಿಂಗಳುಗಟ್ಟಲೆ ಕಳೆದರೂ ಮೂರು ಮಾತಿಗೆ ಏದುಸಿರು. ಲಾಂಗ್ ಕೋವಿಡ್ ಎಂದರು ಡಾಕ್ಟರು. ಪಾಠ ಮೂಕವಾಯಿತು, ಪಕ್ಕದ ಬ್ರೇಕು ಧಡ್ ಧಡ್ ಎನ್ನತೊಡಗಿತು. ಬೈಗುಳಕ್ಕೆ ಒಗ್ಗಿದ್ದ ಕಲಿಯುವವರು ಈ ಮೌನಕ್ಕೆ ಕಂಗಾಲಾದರು. ಮಾಲೀಕ, "ಹುಷಾರಾಗೋವರೆಗೂ ಆಫೀಸಲ್ಲಿ ಕೂತ್ಕೊಳ್ಳಿ ಮೇಡಂ" ಎಂದ. ಚಿಕ್ಕಮ್ಮ ಅವತ್ತು ಅತ್ತಳು. ಆ ಸೀಟೆಂದರೆ ಅವಳಿಗೆ ಪ್ರಾಣ.

ಆಗ ಆಸ್ಪತ್ರೆಯಲ್ಲೊಂದು ಪ್ರಯೋಗ ಶುರುವಾಯಿತು. ಹೃದಯದ ಉರಿಯೂತಕ್ಕೆ ಕೊಡುವ ಹಳೆಯ ಮಾತ್ರೆ ಕೋವಿಡ್ಡಿನ ಈ ಬಾಲಂಗೋಚಿಗೂ ಆದೀತೇ ಎಂದು ನೋಡುವುದು. ಅರ್ಧ ಜನಕ್ಕೆ ಅಸಲಿ ಮಾತ್ರೆ, ಉಳಿದವರಿಗೆ ಸತ್ವವಿಲ್ಲದ್ದು. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಚಿಕ್ಕಮ್ಮ ಸೇರಿಕೊಂಡಳು.

"ನಿನಗೆ ಸತ್ವ ಇಲ್ಲದ್ದೇ ಕೊಟ್ಟಿದ್ರೆ?" ಎಂದರು ಚಿಕ್ಕಪ್ಪ.

"ಅದು ನನಗೆ... ಗೊತ್ತಾಗಲ್ವಾ? ನಿಮ್ಮ ಜೊತೆ... ಸಂಸಾರ ಮಾಡಿಲ್ವಾ?"

ಮಾತ್ರೆಗೆ ಮುಂಚೆ ಒಂದು, ಕೊನೆಗೆ ಒಂದು ಪರೀಕ್ಷೆ. ಕಾರಿಡಾರಿನಲ್ಲಿ ಆರು ನಿಮಿಷ ಬಾಯಿ ಮುಚ್ಚಿಕೊಂಡು ನಡೆಯಬೇಕು, ನರ್ಸು ದೂರ ಅಳೆಯುತ್ತಾಳೆ. ಮೊದಲ ಸಲ ಚಿಕ್ಕಮ್ಮ ಗೋಡೆ ಹಿಡಿದು ನಡೆದಿದ್ದಳು. ಕೊನೆಯ ಸಲ ಚೆನ್ನಾಗಿಯೇ ಹೊರಟಳು. ಅಷ್ಟರಲ್ಲಿ ವಾರ್ಡ್ ಬಾಯ್ ಒಬ್ಬ ಹಿಂದುಮುಂದು ನೋಡದೆ ಖಾಲಿ ಸ್ಟ್ರೆಚರ್ ತಿರುಗಿಸಿದ. ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನಪ್ಪಾ, ಹಿಂದೆ ಯಾರಿದ್ದಾರೆ ಅಂತ ನೋಡೋದು ಬೇಡ್ವಾ, ಮೂಲೇಲಿ ನಿಧಾನ ಮಾಡ್ಬೇಕು ತಾನೆ, ದಾರಿ ಏನು ನಿಮ್ಮಪ್ಪಂದಾ, ಹಾಂ, ಈಗ ಹಿಂದಕ್ಕೆ ತಗೋ, ಸಾಕು, ನೇರ ಮಾಡು."

ಒಂದೇ ಉಸಿರಿನಲ್ಲಿ. ಬೆಂಚಿನ ಮೇಲಿದ್ದ ನಾನೂ ಚಿಕ್ಕಪ್ಪನೂ ಕಣ್ಣೊರೆಸಿಕೊಂಡೆವು. ಸ್ಟ್ರೆಚರ್ ಗೋಡೆ ಪಕ್ಕ ಸರಿಯಾಗಿ ನಿಲ್ಲುವವರೆಗೂ ಅವಳು ಕದಲಲಿಲ್ಲ. ಆರು ನಿಮಿಷ ಮುಗಿಯಿತು.

"ಹೋದ ಸಲಕ್ಕಿಂತ ಕಡಿಮೆ ದೂರ. ನಾನು ಇದನ್ನೇ ಬರೀಬೇಕು" ಎಂದಳು ನರ್ಸು, ಪಾಪ.

"ಬರ್ಕೊಳ್ಳಿ" ಎಂದರು ಚಿಕ್ಕಪ್ಪ.

ನುಂಗಿದ್ದು ಯಾವ ಮಾತ್ರೆಯೋ, ಇವತ್ತಿಗೂ ಗೊತ್ತಿಲ್ಲ. ಕಾರು ಹತ್ತಿದವಳೇ ಸ್ಕೂಲಿನ ಮಾಲೀಕನಿಗೆ ಫೋನ್ ಮಾಡಿ, ಆ ಸೀಟು ವಾಪಸ್ ಕೊಡಲು ಅವನು ಒಪ್ಪುವವರೆಗೂ ಮಾತಾಡಿದಳು. ಆಮೇಲೆ ಕಾರು ಓಡಿಸುತ್ತಿದ್ದ ಚಿಕ್ಕಪ್ಪ ಬೈಸಿಕೊಳ್ಳುವ ಸರದಿ: ಗೇರು ಸರಿಯಿಲ್ಲ, ಹಾರ್ನು ಜಾಸ್ತಿ, ಇಂಡಿಕೇಟರ್ ಯಾರಪ್ಪ ಹಾಕಬೇಕು. ಮನೆಯ ತಿರುವು ಬಂತು. ಚಿಕ್ಕಪ್ಪ ನೇರ ಹೋಗಿಬಿಟ್ಟರು.

"ರೀ, ತಿರುವು ಬಿಟ್ರಲ್ಲ, ಕಣ್ಣು ಎಲ್ಲಿತ್ತು?"

"ಇನ್ನೊಂದು ಸುತ್ತು ಹೋಗೋಣ. ನೀನು ಬೈತಾ ಇರು."